ನಿಘಂಟಿನ ಉಚ್ಚಾರ ಗುರುತುಗಳನ್ನು ಓದುವುದು ಹೇಗೆ?

ಪ್ರಶ್ನೆ: ಇಂಗ್ಲಿಷ್ ನಿಘಂಟಿನಲ್ಲಿ 'ಹೋಟೆಲ್' ಪದದ ಉಚ್ಚಾರದ ನಡುವೆ ಸಣ್ಣದೊಂದು ನೆಟ್ಟಗಿನ ಗೆರೆ, ತಲೆಕೆಳಗಾದ ಅಕ್ಷರ ಎಲ್ಲ ಇರುತ್ತವೆ. ಇವನ್ನು ಓದುವುದು ಹೇಗೆ? ಕನ್ನಡ, ತುಳು ನಿಘಂಟುಗಳಿಗೆ ಇವು ಬೇಡವೆ?
– ಓದುಗರೊಬ್ಬರು, ಕಾಪು

ಉತ್ತರ: ಆ ಗೆರೆ ಒತ್ತಿನ ಗುರುತು. ಗೆರೆಯ ಬಲಕ್ಕಿರುವ ಭಾಗವನ್ನು ಒತ್ತಿ ಹೇಳಬೇಕು. ಇಂಗ್ಲಿಷಿನ 'ಹೋಟೆಲ್'ನಲ್ಲಿ ಅದು 'ಟೆಲ್'ಗೆ ಮೊದಲು ಬರುತ್ತದೆ. ಉಡುಪಿ ಹೋಟೆಲ್ ಎನ್ನುವಾಗ ನಮ್ಮ ಬಾಯಲ್ಲಿ 'ಹೋ' ಎದ್ದು ಕೇಳುತ್ತದೆ; ಕನ್ನಡ ಮಾತಿನೊಳಗೆ ಅದೇ ಸರಿ, ತಿದ್ದಿಕೊಳ್ಳಬೇಕಾಗಿಲ್ಲ. ಗೆರೆ ಅಕ್ಷರದ ಬುಡದಲ್ಲಿದ್ದರೆ ಒತ್ತು ಸ್ವಲ್ಪ ಕಡಿಮೆ. ಎಚ್ಚರ: ಕೆಲವು ಅಮೆರಿಕನ್ ನಿಘಂಟುಗಳು ಗುರುತನ್ನು ಒತ್ತುವ ಭಾಗ ಮುಗಿದ ಮೇಲೆ ಹಾಕುತ್ತವೆ. ಆದ್ದರಿಂದ ಮೊದಲು ಪುಸ್ತಕದ ಆರಂಭದಲ್ಲಿರುವ ಗುರುತುಗಳ ಪಟ್ಟಿಯನ್ನು ನೋಡಿಯೇ ಮುಂದುವರಿಯಿರಿ.

ಇಂಗ್ಲಿಷಿನಲ್ಲಿ ಒತ್ತು ಜರುಗಿದರೆ ಸ್ವರವೂ ಬದಲಾಗುತ್ತದೆ. 'ಫೋಟೊಗ್ರಾಫ್'ನಲ್ಲಿ ಒತ್ತು ಮೊದಲ ಭಾಗಕ್ಕೆ. 'ಫೋಟೊಗ್ರಾಫರ್'ನಲ್ಲಿ ಎರಡನೆಯದಕ್ಕೆ, ಆಗ 'ಫೋ' ಕುಗ್ಗಿ ಹೆಚ್ಚುಕಡಿಮೆ 'ಫ' ಆಗಿ, ಇಡೀ ಪದ 'ಫಟಾಗ್ರಫರ್' ಎಂಬಂತೆ ಕೇಳುತ್ತದೆ. ಹೀಗೆ ಕುಗ್ಗಿದ ಸ್ವರಕ್ಕೆ ಬಳಸುವುದೇ ತಲೆಕೆಳಗಾದ ಇಂಗ್ಲಿಷ್ 'ಇ' (e) ಅಕ್ಷರ. ಅದನ್ನು 'ಎ' ಎಂದು ಓದುವುದು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಇನ್ನೊಂದು ತಪ್ಪು 'ಜೆ' (j) ಅಕ್ಷರದ್ದು: ಇಂಥ ಉಚ್ಚಾರ ಗುರುತುಗಳ ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ (IPA) ಅದು 'ಯ', 'ಜ' ಅಲ್ಲ. ಸ್ವರದ ಮುಂದೆ ವಿವರಣ ಚಿಹ್ನೆಯಂತೆ ಎರಡು ಚುಕ್ಕೆ ಕಂಡರೆ ಆ ಸ್ವರ ದೀರ್ಘ.

ಇಂಗ್ಲಿಷ್ ಉಚ್ಚಾರವನ್ನು ಕನ್ನಡ ಲಿಪಿಯಲ್ಲೇ ಕೊಡುವ ನಿಘಂಟುಗಳು ಬೇಗ ಕೈಗೆ ಹತ್ತುತ್ತವೆ, ನಿಜ. ಆದರೆ ಪಶ್ಚಿಮ ದಿಕ್ಕಿನ west, ಒಳ ಅಂಗಿಯ vest ಎರಡೂ ಅಲ್ಲಿ 'ವೆಸ್ಟ್' ಆಗಿಬಿಡುತ್ತವೆ. ಒತ್ತಿನ ಗುರುತನ್ನೂ ಕೊಡದ ನಿಘಂಟನ್ನು ಉಚ್ಚಾರಕ್ಕಾಗಿ ನಂಬಬೇಡಿ.

ಕನ್ನಡದಲ್ಲಿ ಬರೆದದ್ದನ್ನೇ ಬಹುಮಟ್ಟಿಗೆ ಓದುತ್ತೇವೆ. ಒತ್ತಿನಿಂದ ಅರ್ಥ ಬದಲಾಗುವುದಿಲ್ಲ. ಹಾಗಾಗಿ ಪ್ರತಿ ಪದಕ್ಕೂ ಉಚ್ಚಾರ ಬೇಕಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟಿನಲ್ಲಿ ಕನ್ನಡ ಪದದ ಪಕ್ಕ ರೋಮನ್ ರೂಪವಿದೆಯಲ್ಲ, ಅದು ಲಿಪ್ಯಂತರ ಮಾತ್ರ, ಅಂದರೆ ಕನ್ನಡ ಅಕ್ಷರಗಳನ್ನೇ ರೋಮನ್ ಲಿಪಿಯಲ್ಲಿ ಬರೆದದ್ದು: ಮೇಲಿನ ಅಡ್ಡಗೆರೆ ದೀರ್ಘಕ್ಕೆ, ಕೆಳಗಿನ ಚುಕ್ಕೆ ಟ, ಡ, ಣ, ಳಗಳಿಗೆ.

ತುಳುವಿನ ಮಾತೇ ಬೇರೆ. 'ಪತ್ತ್' (ಹತ್ತು) ಎಂದು ಬರೆದರೂ ಕೊನೆಯಲ್ಲಿ ತುಟಿ ದುಂಡಾಗದ, 'ಉ'ವಿಗೆ ಹತ್ತಿರದ ಒಂದು ಸ್ವರವಿದೆ. ತುಳು ತಿಳಿಯದವರು ಅದನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ, ಇಲ್ಲವೇ 'ಪತ್ತು' ಎನ್ನುತ್ತಾರೆ. ಇದಕ್ಕಿಂತ ತೊಡಕಿನದು 'ಬತ್ತೆ'. 'ಯಾನ್ ಬತ್ತೆ' ಎಂದರೆ ನಾನು ಬಂದೆ. ಇಲ್ಲಿ ಕೊನೆಯ 'ಎ' ಬಾಯಿ ಅಗಲಿಸಿ ಹೇಳುವಂಥದು. 'ಆಯೆ ಬತ್ತೆ' ಎಂದರೆ ಅವನು ಬಂದ. ಇಲ್ಲಿ 'ಎ' ಬಿಗಿ. ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ ರೂಪ. ತುಳು ನಿಘಂಟು ಮಾಡುವವರು ಈ ಎರಡು 'ಎ'ಗಳಿಗೆ ಬೇರೆ ಬೇರೆ ಗುರುತು ಕೊಡಲೇಬೇಕು. ಅಚ್ಚಿನಲ್ಲಿ ಅದು ಕಷ್ಟವಾದರೆ ಪದವನ್ನು ಒಂಟಿಯಾಗಿ ಬಿಡದೆ 'ಯಾನ್', 'ಆಯೆ' ಸೇರಿಸಿಯೇ ಉದಾಹರಣೆ ಕೊಡಲಿ.