ರಿಸಲ್ಟೇ ಇಲ್ಲದ ಹೊಸ ಹೈಸ್ಕೂಲಿಗೆ ಮಗಳನ್ನ ಸೇರಿಸೋದಾ?

ತಿಪಟೂರಿನ ಓದುಗರೊಬ್ಬರು ಮೂರು ಹಾಳೆ ತುಂಬಾ ಬರೆದಿದ್ದಾರೆ, ಪೂರ್ತಿ ಹಾಕೋಕೆ ಜಾಗ ಇಲ್ಲ, ಸಾರಾಂಶ ಇಷ್ಟು. ಸಣ್ಣ ಹಾರ್ಡ್‌ವೇರ್ ಅಂಗಡಿ, ಜೊತೆಗೆ ಒಂದಿಷ್ಟು ತೆಂಗಿನ ತೋಟ. ಮಗಳು ಒಂದನೇ ಕ್ಲಾಸಿಂದ ಕನ್ನಡ ಮೀಡಿಯಂ, ಈಗ ಏಳನೇ ಕ್ಲಾಸ್ ಮುಗಿಸ್ತಿದ್ದಾಳೆ. ಊರಾಚೆ ಕಳೆದ ಜೂನಲ್ಲಿ ಒಂದು ಪ್ರೈವೇಟ್ ಹೈಸ್ಕೂಲ್ ಶುರುವಾಗಿದೆ, ಇಂಗ್ಲಿಷ್ ಮೀಡಿಯಂ, ಬೋರ್ಡ್ ಮೇಲೆ "ಸಿಬಿಎಸ್‌ಇ ಪ್ಯಾಟರ್ನ್, ಐಐಟಿ ನೀಟ್ ಫೌಂಡೇಶನ್" ಅಂತಿದೆ. ಸದ್ಯಕ್ಕೆ ಎಂಟನೇ ಕ್ಲಾಸ್ ಒಂದೇ, 22 ಮಕ್ಕಳು. ಫೀಸ್ ವರ್ಷಕ್ಕೆ 65 ಸಾವಿರ, ಬಸ್ಸು ಬೇರೆ. ಮಗಳ ಹತ್ರ "ಸ್ಕಾಲರ್‌ಶಿಪ್ ಟೆಸ್ಟ್" ಬರೆಸಿ 30 ಪರ್ಸೆಂಟ್ ಡಿಸ್ಕೌಂಟ್ ಅಂದಿದ್ದಾರೆ, ಆದ್ರೆ ಯುಗಾದಿ ಒಳಗೆ ಕಟ್ಟಬೇಕಂತೆ. ಇವರ ಮನೆಯವರಿಗೆ ಸೇರಿಸೋ ಆಸೆ, ಇವರಿಗೆ ಅನುಮಾನ. ಊರೊಳಗಿನ ಹಳೇ ಅನುದಾನಿತ ಹೈಸ್ಕೂಲಿಗೆ ಮಗಳು ಸೈಕಲ್ಲಲ್ಲೇ ಹೋಗಬಹುದು. ಮಗಳು ಕೇಳಿರೋದು ಒಂದೇ ಪ್ರಶ್ನೆ, ಅಲ್ಲಿ ಖೋ ಖೋ ಆಡಿಸ್ತಾರಾ ಅಂತ.

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಸಲ "ಇನ್ನೂ ರಿಸಲ್ಟ್ ಬಂದಿಲ್ಲ, ಏನ್ ನೋಡಿ ನಂಬೋದು" ಅಂತ ಬರೆದಿದ್ದೀರ, ಅದರಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಆ ವಿಷಯಕ್ಕೆ ನೀವು ಅಷ್ಟು ತಲೆ ಕೆಡಿಸ್ಕೋಬೇಕಿಲ್ಲ. ಹಳೇ ಸ್ಕೂಲುಗಳ ಕಾಂಪೌಂಡ್ ಮೇಲೆ "ಸತತ 100ಕ್ಕೆ 100 ಫಲಿತಾಂಶ" ಅಂತ ಪೇಂಟ್ ಹೊಡೆಸಿರ್ತಾರಲ್ಲ, ಅದರಲ್ಲಿ ಬಹಳಷ್ಟು ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬರೋಕೆ ಮುಂಚಿನದು. ಎಸ್ಸೆಸ್ಸೆಲ್ಸಿಗೆ ವೆಬ್‌ಕಾಸ್ಟಿಂಗ್ (ಆ ಕ್ಯಾಮೆರಾದ ದೃಶ್ಯಾನ ಅಧಿಕಾರಿಗಳು ನೇರವಾಗಿ ನೋಡೋ ವ್ಯವಸ್ಥೆ) ತಂದಿದ್ದು 2024ರಲ್ಲಿ. 2023ರಲ್ಲಿ ರಾಜ್ಯದ ಫಲಿತಾಂಶ 83.89 ಪರ್ಸೆಂಟ್ ಇತ್ತು, 2024ರಲ್ಲಿ ಗ್ರೇಸ್ ಮಾರ್ಕ್ಸ್ ಜಾಸ್ತಿ ಮಾಡಿಯೂ 73.40ಕ್ಕೆ ಬಂತು, 2025ರ ಮೊದಲ ಪರೀಕ್ಷೆಯಲ್ಲಿ 62.34ಕ್ಕೆ ಇಳೀತು. ಹಂಗಾಗಿ ಹೊಸ ಸ್ಕೂಲಿಗೆ ರಿಸಲ್ಟ್ ಇಲ್ಲ ಅನ್ನೋದು ದೊಡ್ಡ ಕೊರತೆ ಅಂತ ನಂಗನ್ಸಲ್ಲ. ಹಳೇ ಹೈಸ್ಕೂಲಿಗೂ ಹೋಗಿ ಈ ಕೊನೇ ಎರಡು ವರ್ಷದ್ದು ಮಾತ್ರ ಕೇಳಿ, ಅವರ ಮುಖ ನೋಡಿದ್ರೇ ಅರ್ಧ ಉತ್ತರ ಸಿಗುತ್ತೆ.

ನಂಗೆ ಭಯ ಇರೋದು ಎರಡೇ ವಿಷಯಕ್ಕೆ, ಒಂದು ಕಾಗದ, ಇನ್ನೊಂದು ಪಾಠ ಮಾಡೋ ಜನ.

ಮೊದಲು ಕಾಗದ. ನನ್ನ ಅಕ್ಕನ ಮಗನ ಕಥೆ ಹೇಳ್ತೀನಿ, ಊರು ಸ್ಕೂಲು ಬೇಡ. ಅವನನ್ನೂ ಹಿಂಗೇ ಹೊಸ ಹೈಸ್ಕೂಲಿಗೆ ಸೇರಿಸಿದ್ರು, ಟೈಲ್ಸ್ ಹಾಕಿದ ಕಾರಿಡಾರು, ಟೈ, ಬೆಲ್ಟು, ಎಲ್ಲಾ ಚೆನ್ನಾಗೇ ಇತ್ತು. ಹತ್ತನೇ ಕ್ಲಾಸಲ್ಲಿ ಹಾಲ್ ಟಿಕೆಟ್ ಬಂದಾಗ ನೋಡಿದ್ರೆ ಅದರಲ್ಲಿ ಬೇರೆ ಸ್ಕೂಲಿನ ಹೆಸರು. ವಿಚಾರಿಸಿದ್ರೆ, ಇವರಿಗೆ ಏಳನೇ ಕ್ಲಾಸಿನವರೆಗೆ ಮಾತ್ರ ಮಾನ್ಯತೆ ಇತ್ತು, ಹೈಸ್ಕೂಲಿನದ್ದು "ಪ್ರೋಸೆಸ್‌ನಲ್ಲಿ ಇದೆ" ಅಂತ ಮೂರು ವರ್ಷ ದೂಡಿದ್ರು, ಅಷ್ಟೂ ಮಕ್ಕಳನ್ನ ಹದಿನೆಂಟು ಕಿಲೋಮೀಟರ್ ಆಚೆಯ ಇನ್ನೊಂದು ಸ್ಕೂಲಿನ ಹಾಜರಿ ಪುಸ್ತಕದಲ್ಲಿ ತೋರಿಸಿ ಅಲ್ಲಿಂದ ಪರೀಕ್ಷೆಗೆ ಕಟ್ಟಿಸಿದ್ರು. ಎಸ್ಸೆಸ್ಸೆಲ್ಸಿಯಲ್ಲಿ ಪ್ರತಿ ಸಬ್ಜೆಕ್ಟಿಗೂ ಇಂಟರ್ನಲ್ಸ್ ಇರುತ್ತೆ, ಪ್ರಥಮ ಭಾಷೆಗೆ 25, ಬಾಕಿದಕ್ಕೆ 20, ಅವನ ಮುಖಾನೇ ನೋಡದವರು ಅದನ್ನ ಹಾಕಿದ್ರು. ಅವನು ಆ ಸ್ಕೂಲಿನ ಗೇಟ್ ನೋಡಿದ್ದೇ ಪಿಯುಸಿಗೆ ಟಿಸಿ ತರೋಕೆ ಹೋದಾಗ. ಟಿಸಿಯಲ್ಲಿ ತಾಯಿ ಹೆಸರು ತಪ್ಪಾಗಿತ್ತು, ಅದನ್ನ ತಿದ್ದಿಸೋಕೆ ನಮ್ಮಕ್ಕ ಮಳೆಗಾಲದಲ್ಲಿ ನಾಲ್ಕು ಸಲ ಬಸ್ ಹತ್ತಿದ್ಲು.

ನೀವು ನೋಡ್ತಿರೋ ಸ್ಕೂಲು ಹಂಗೆ ಅಂತ ಹೇಳ್ತಿಲ್ಲ. ಆದ್ರೆ "ಗವರ್ನಮೆಂಟ್ ರಿಕಗ್ನೈಸ್ಡ್ ಸಾರ್" ಅಂದಾಗ, ಯಾವ ಕ್ಲಾಸಿಂದ ಯಾವ ಕ್ಲಾಸಿಗೆ, ಯಾವ ವರ್ಷದವರೆಗೆ ಅಂತ ಕೇಳಿ, ಆದೇಶದ ಪ್ರತಿ ತೋರಿಸಿ ಅನ್ನಿ. ನೋಂದಣಿ ಬೇರೆ, ಮಾನ್ಯತೆ ಬೇರೆ, ಟ್ರಸ್ಟ್ ರಿಜಿಸ್ಟ್ರೇಷನ್ ಅಂತೂ ಪೂರ್ತಿ ಬೇರೆ, ಎಷ್ಟೋ ಕಡೆ ಟ್ರಸ್ಟ್ ಸರ್ಟಿಫಿಕೇಟನ್ನೇ ಫ್ರೇಮ್ ಹಾಕಿ ನೇತಾಕಿರ್ತಾರೆ. ಯುಡೈಸ್ ನಂಬರ್ ಕೇಳಿ, ಅದು ಸರ್ಕಾರಿ ದಾಖಲೆಯಲ್ಲಿ ಸ್ಕೂಲಿನ ಗುರುತಿನ ನಂಬರ್, 11 ಅಂಕಿ, ಕರ್ನಾಟಕದ್ದು 29ರಿಂದ ಶುರುವಾಗುತ್ತೆ. ಆ ನಂಬರ್ ಹಿಡ್ಕೊಂಡು ತಿಪಟೂರಿನ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ, ಎಂಟರಿಂದ ಹತ್ತಕ್ಕೆ ಅನುಮತಿ ಇದೆಯಾ ಅಂತ ಕೇಳಿ, ಅಲ್ಲಿ ಆಗ್ಲಿಲ್ಲ ಅಂದ್ರೆ ತುಮಕೂರಿನ ಡಿಡಿಪಿಐ (ಶಿಕ್ಷಣ ಇಲಾಖೆ ಉಪನಿರ್ದೇಶಕರ) ಆಫೀಸು. ಒಂದು ಮಧ್ಯಾಹ್ನ ಹಾಳಾಗುತ್ತೆ, ಅಷ್ಟೇ.

ಆ "ಸಿಬಿಎಸ್‌ಇ ಪ್ಯಾಟರ್ನ್" ಅನ್ನೋ ಪದ ನೋಡಿ ನಂಗೆ ನಗು ಬಂತು. ಪ್ಯಾಟರ್ನ್ ಅಂದ್ರೆ ಏನೂ ಇಲ್ಲ ಸ್ವಾಮಿ, ಎನ್‌ಸಿಇಆರ್‌ಟಿ ಪುಸ್ತಕ ಯಾರು ಬೇಕಾದ್ರೂ ತಂದು ಪಾಠ ಮಾಡಬಹುದು. ಅಫಿಲಿಯೇಶನ್, ಅಂದ್ರೆ ಸಿಬಿಎಸ್‌ಇ ಬೋರ್ಡಿನ ಮಾನ್ಯತೆ ಇದ್ರೆ ನಂಬರ್ ಇರುತ್ತೆ, ನಮ್ಮ ರಾಜ್ಯದ್ದು 83ರಿಂದ ಶುರು, ಸಿಬಿಎಸ್‌ಇ ವೆಬ್‌ಸೈಟಲ್ಲಿ ಮೊಬೈಲಲ್ಲೇ ಹುಡುಕಬಹುದು. ಒಂಬತ್ತನೇ ಕ್ಲಾಸಲ್ಲಿ ಬೋರ್ಡಿಗೆ ಮಕ್ಕಳ ಹೆಸರು ರಿಜಿಸ್ಟರ್ ಆಗ್ಬೇಕು, ಅಷ್ಟರಲ್ಲಿ ಅಫಿಲಿಯೇಶನ್ ಬರ್ಲಿಲ್ಲ ಅಂದ್ರೆ ಮತ್ತೆ ಸ್ಟೇಟ್ ಸಿಲಬಸ್, ಇಲ್ಲಾ ನಮ್ಮ ಅಕ್ಕನ ಮಗನ ಕಥೆ. 2023ರ ಶುರುವಲ್ಲಿ ಬೆಂಗಳೂರಲ್ಲೇ ಹಿಂಗಾಯ್ತು, ಸರ್ಕಾರ ಸ್ಟೇಟ್ ಸಿಲಬಸ್‌ನ 5 ಮತ್ತು 8ನೇ ಕ್ಲಾಸಿಗೆ ಬೋರ್ಡ್ ಮಟ್ಟದ ಪರೀಕ್ಷೆ ಅಂದಾಗ, ಸಿಬಿಎಸ್‌ಇ ಅಂತ ಲಕ್ಷಗಟ್ಟಲೆ ಕಟ್ಟಿದ್ದ ಅಪ್ಪ ಅಮ್ಮಂದಿರಿಗೆ "ನಿಮ್ಮ ಮಕ್ಕಳೂ ಬರೀಬೇಕು" ಅಂತ ನೋಟಿಸ್ ಬಂತು, ಆಗ್ಲೇ ಗೊತ್ತಾಗಿದ್ದು ಮಕ್ಕಳು ಓದ್ತಿರೋದು ಸ್ಟೇಟ್ ಸಿಲಬಸ್ ಲೆಕ್ಕದಲ್ಲಿ ಅಂತ. ಬೆಂಗಳೂರಿನ ಓದಿದ ಜನಾನೇ ಏಮಾರಿದ್ರು, ನೀವು ಅನುಮಾನ ಪಟ್ಟಿದ್ದಕ್ಕೆ ನಾಚಿಕೆ ಪಡ್ಬೇಡಿ.

ಇನ್ನು ಜನದ ವಿಷಯ. ನೀವು ಅಂಗಡಿ ಲೆಕ್ಕ ಬರೆಯೋರು, ಈ ಲೆಕ್ಕಾನೂ ಒಂದ್ಸಲ ಹಾಕಿ. ಸ್ಕಾಲರ್‌ಶಿಪ್ ಟೆಸ್ಟ್ ಬರೆದೋರಿಗೆಲ್ಲ 30 ಪರ್ಸೆಂಟ್ ಬಿಟ್ಟಿರ್ತಾರೆ (ಪಕ್ಕದ ಮನೆಯವರನ್ನ ಕೇಳಿ, ಅವರ ಮಗನಿಗೂ ಅಷ್ಟೇ ಬಂದಿದ್ರೆ ಆಶ್ಚರ್ಯ ಇಲ್ಲ), ಅಂದ್ರೆ ತಲೆಗೆ 45,500, 22 ಮಕ್ಕಳಿಂದ ಸುಮಾರು ಹತ್ತು ಲಕ್ಷ. ಒಂದೇ ಕ್ಲಾಸ್ ಇದ್ರೂ ಸಬ್ಜೆಕ್ಟ್ ಕಮ್ಮಿ ಆಗಲ್ಲ, ಕನ್ನಡ, ಇಂಗ್ಲಿಷ್, ಹಿಂದಿ, ಮ್ಯಾಥ್ಸು, ಸೈನ್ಸು, ಸೋಶಿಯಲ್ಲು, ಪಿಟಿ, ಏಳು ಜನ ಬೇಕು. ತಿಂಗಳಿಗೆ 20 ಸಾವಿರ ಅಂತ ಇಟ್ಕೊಂಡ್ರೂ ವರ್ಷಕ್ಕೆ 16 ಲಕ್ಷದ 80 ಸಾವಿರ. ಸಂಬಳಕ್ಕೇ ಸಾಲಲ್ಲ, ಬಸ್ಸಿನ ಡೀಸೆಲ್ಲು, ಬಿಲ್ಡಿಂಗ್ ಸಾಲ ಯಾವಾಗ? ಹಂಗಾಗಿ ಒಂದೋ ಹಿಂದೆ ಕೈಯಿಂದ ದುಡ್ಡು ಹಾಕೋ ಯಜಮಾನ ಇರ್ಬೇಕು, ಇಲ್ಲಾ ಹಿಂದಿ ಮೇಡಂ ಸೋಶಿಯಲ್ಲೂ ತಗೋತಾ, ಮಧ್ಯಾಹ್ನ ಅಡ್ಮಿಷನ್ ಕ್ಯಾನ್ವಾಸಿಗೂ ಹೋಗ್ತಾ ಇರ್ಬೇಕು. ಮೊದಲನೇದಾದ್ರೆ ಒಳ್ಳೇದೇ. ಎರಡನೇದಾದ್ರೆ ದಸರಾ ರಜಾ ಮುಗಿಯೋದ್ರೊಳಗೆ ಒಬ್ಬೊಬ್ರೇ ಬಿಟ್ಟು ಹೋಗ್ತಾರೆ, ವರ್ಷದಲ್ಲಿ ಮೂರು ಮ್ಯಾಥ್ಸ್ ಮೇಷ್ಟ್ರನ್ನ ನೋಡಿದ ಮಗೂಗೆ ಸಮೀಕರಣ ಎಲ್ಲಿಂದ ಬರ್ಬೇಕು.

ಅದಕ್ಕೇ ನಾನು ಹೇಳೋದು, ಅಡ್ಮಿಷನ್ ಕೌಂಟರ್ ಹುಡುಗಿ ಹತ್ರ ಮಾತಾಡಿ ಬರಬೇಡಿ. ಮ್ಯಾಥ್ಸ್ ಮೇಷ್ಟ್ರು ಮತ್ತೆ ಸೈನ್ಸ್ ಮೇಷ್ಟ್ರನ್ನ ಕೇಳಿ ಭೇಟಿ ಮಾಡಿ. ಬಿಎಸ್ಸಿಯಲ್ಲಿ ಯಾವ ಕಾಂಬಿನೇಷನ್, ಬಿಎಡ್ ಆಗಿದೆಯಾ, ಜೂನಿಂದ ಇಲ್ಲೇ ಇದ್ದೀರಾ, ಮನೆ ಎಲ್ಲಿ. ಕೊನೇ ಪ್ರಶ್ನೆ ಮರೀಬೇಡಿ, ಮನೆ ತಿಪಟೂರಲ್ಲೇ ಇರೋ ಮೇಷ್ಟ್ರು ನಿಲ್ತಾರೆ, ದಿನಾ ಟ್ರೈನಲ್ಲಿ ಓಡಾಡೋರು ಬೇರೆ ಕಡೆ ಸಿಕ್ಕಿದ ದಿನ ಹೋಗ್ತಾರೆ. ಈಗ ಎಂಟನೇ ಕ್ಲಾಸಲ್ಲಿರೋ ಒಂದು ಮಗುವಿನ ಮ್ಯಾಥ್ಸ್ ನೋಟ್‌ಬುಕ್ ಸಿಕ್ಕಿದ್ರೆ ತಿರುವಿ ಹಾಕಿ. ಅಕ್ಷರ ಓದೋದು ಬೇಡ, ಕೆಂಪು ಇಂಕು ಎಲ್ಲಿವರೆಗೂ ಬಂದು ನಿಂತಿದೆ ಅಂತ ನೋಡಿ ಸಾಕು.

ಹೋದ ವರ್ಷ ಮಾರ್ಚಲ್ಲಿ ಸ್ನೇಹಿತರೊಬ್ಬರ ಜೊತೆ ಇಂಥದ್ದೇ ಒಂದು ಹೊಸ ಸ್ಕೂಲು ನೋಡೋಕೆ ಹೋಗಿದ್ದೆ. ಸ್ಮಾರ್ಟ್ ಬೋರ್ಡ್ ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಕಿತ್ತಿರ್ಲಿಲ್ಲ, ಮೂಲೆಯಲ್ಲಿ ಸ್ವಲ್ಪ ಎದ್ದು ಸುರುಳಿ ಸುತ್ತಿತ್ತು. ಲ್ಯಾಬಲ್ಲಿ ಟೆಸ್ಟ್ ಟ್ಯೂಬುಗಳು ಥರ್ಮಾಕೋಲ್ ಡಬ್ಬದಲ್ಲೇ, ಸಿಂಕಿಗೆ ನಲ್ಲಿ ಇದೆ, ಕೆಳಗೆ ಪೈಪಿಲ್ಲ. ವರ್ಷ ಮುಗಿಯೋಕೆ ಬಂದಿತ್ತು! ಅದೇ ವಾರ ಇನ್ನೊಂದು ಕಡೆ ಹೋದ್ವಿ, ಅದೂ ಹೊಸದೇ, ಗೋಡೆಗೆ ಸುಣ್ಣ ಕೂಡ ಸರಿಯಾಗಿ ಆಗಿರ್ಲಿಲ್ಲ, ಆದ್ರೆ ರಿಟೈರ್ ಆದ ಸರ್ಕಾರಿ ಮೇಷ್ಟ್ರೊಬ್ಬರು ವರಾಂಡದಲ್ಲಿ ಕೂತು ಜ್ಯಾಮಿಟ್ರಿ ನೋಟ್‌ಬುಕ್ ತಿದ್ದುತಾ ಇದ್ರು, ಕೈವಾರದ ಕಂಸ ಅಳಿಸಿರೋ ಹುಡುಗನನ್ನ ಕರೆದು ಬೈತಾ ಇದ್ರು. ಸ್ನೇಹಿತರು ಮಗನನ್ನ ಅಲ್ಲಿಗೇ ಸೇರಿಸಿದ್ರು. ಹೊಸ ಸ್ಕೂಲು ಅಂದ ಮಾತ್ರಕ್ಕೆ ಬೇಡ ಅನ್ನೋನಲ್ಲ ನಾನು.

ಫೌಂಡೇಶನ್, ಅಂದ್ರೆ ಐಐಟಿ ನೀಟ್ ಪರೀಕ್ಷೆಗೆ ಹೈಸ್ಕೂಲಿಂದಲೇ ಕೋಚಿಂಗ್ ಕೊಡೋದು, ಅದರ ಬಗ್ಗೆ ಎರಡೇ ಮಾತು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಕೋಚಿಂಗ್ ಸೆಂಟರುಗಳು 16 ವರ್ಷದ ಒಳಗಿನ ಮಕ್ಕಳನ್ನ ಸೇರಿಸ್ಕೋಬಾರ್ದು, ನಿಮ್ಮ ಮಗಳಿಗೆ 13. ಸ್ಕೂಲೊಳಗೇ ಮಾಡಿದ್ರೆ ನಾವು ಕೋಚಿಂಗ್ ಸೆಂಟರ್ ಅಲ್ಲ ಅಂತಾರೆ, ಅದು ಅವರ ಜಾಣತನ. ಟೈಮ್ ಟೇಬಲ್ ಇಸ್ಕೊಂಡು ನೋಡಿ, ಫೌಂಡೇಶನ್‌ಗೆ ಜಾಗ ಮಾಡೋಕೆ ಆಟದ ಪೀರಿಯಡ್ಡು, ಕನ್ನಡ ಪೀರಿಯಡ್ಡು ಹಾರಿ ಹೋಗಿದ್ಯಾ ಅಂತ. ಇನ್ನು ಆ ಸ್ಕಾಲರ್‌ಶಿಪ್ ಟೆಸ್ಟು ಡಿಸ್ಕೌಂಟಿಗೆ ಅಂದ್ರೆ ಸರಿ, ಅದರಲ್ಲಿ ಪಾಸಾದ್ರೆ ಮಾತ್ರ ಸೀಟು ಅಂದ್ರೆ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಒಪ್ಪಲ್ಲ, ಎಂಟನೇ ಕ್ಲಾಸಿನವರೆಗೂ ಟೆಸ್ಟ್ ಮಾಡಿ ಸೇರಿಸ್ಕೊಳ್ಳೋ ಹಾಗಿಲ್ಲ, ಮೊದಲ ಸಲಕ್ಕೇ 25 ಸಾವಿರದವರೆಗೂ ದಂಡ ಇದೆ.

ನೀವು ಬರೀದೇ ಇರೋ ಒಂದು ವಿಷಯ ಇದೆ, ಅದು ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸುತ್ತೆ. ಮಗಳು ಏಳು ವರ್ಷ ಕನ್ನಡ ಮೀಡಿಯಂ. ಇನ್ನು ಮೂರು ವರ್ಷ ಅದೇ ಓದಿದ್ರೆ, ಒಂದರಿಂದ ಹತ್ತು ಕನ್ನಡ ಮಾಧ್ಯಮ ಅಂತ ಸಿಇಟಿಯಲ್ಲಿ 5 ಪರ್ಸೆಂಟ್ ಮೀಸಲಾತಿ, ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲೂ 5 ಪರ್ಸೆಂಟ್. ಎಂಟನೇ ಕ್ಲಾಸಲ್ಲಿ ಬದಲಾಯಿಸಿದ ದಿನ ಅದು ಹೋಯ್ತು, ಮತ್ತೆ ಬರಲ್ಲ. ಅದೊಂದಕ್ಕೇ ಇಂಗ್ಲಿಷ್ ಬೇಡ ಅಂತ ಹೇಳಲ್ಲ, ಪಿಯುಸಿ ಸೈನ್ಸಿಗೆ ಹೋದಾಗ ಇಂಗ್ಲಿಷ್ ಹೊಡೆತ ಹೆಂಗಿರುತ್ತೆ ಅಂತ ಕನ್ನಡ ಮೀಡಿಯಂ ಹುಡುಗನಾಗಿ ನಂಗೂ ಗೊತ್ತು, ಫಿಸಿಕ್ಸ್ ಕ್ಲಾಸಲ್ಲಿ ವೆಲಾಸಿಟಿ ಅಂದ್ರೆ ನಮ್ಮ ವೇಗಾನೇ ಅಂತ ತಿಳಿಯೋಕೆ ನಂಗೆ ಹದಿನೈದು ದಿನ ಬೇಕಾಯ್ತು. ಆದ್ರೆ ಎಂಟನೇ ಕ್ಲಾಸಲ್ಲಿ ಬದಲಾಯಿಸೋ ಮಗೂಗೆ ಕೈ ಹಿಡಿಯೋರು ಬೇಕು. ಸ್ಕೂಲಿನವರನ್ನ ನೇರವಾಗಿ ಕೇಳಿ, ಕನ್ನಡ ಮೀಡಿಯಂನಿಂದ ಬಂದ ಮಕ್ಕಳು 22ರಲ್ಲಿ ಎಷ್ಟಿದ್ದಾರೆ, ಅವರಿಗೆ ಮೊದಲ ಮೂರು ತಿಂಗಳು ಏನ್ ಮಾಡಿದ್ರಿ. "ಅಡ್ಜಸ್ಟ್ ಆಗ್ತಾರೆ ಸಾರ್" ಅಂದ್ರೆ ಅವರು ಏನೂ ಮಾಡಿಲ್ಲ ಅಂತ ಅರ್ಥ. ಕನ್ನಡ ಪ್ರಥಮ ಭಾಷೆಯಾಗಿ ಇರುತ್ತಾ ಅಂತಲೂ ಕೇಳಿ, ಸ್ಟೇಟ್ ಸಿಲಬಸ್ಸಲ್ಲಿ 625ಕ್ಕೆ 125 ಅದರದ್ದು, ಕನ್ನಡ ಚೆನ್ನಾಗಿರೋ ಹುಡುಗಿಗೆ ಅದು ಸಣ್ಣ ಬಂಡವಾಳ ಅಲ್ಲ.

ನೀವು "ಒಂದೇ ಮಾತಲ್ಲಿ ಹೇಳಿ" ಅಂತ ಕೊನೇಲಿ ಬರೆದಿದ್ದೀರ. ನಾನಾದ್ರೆ ಯುಗಾದಿ ಡಿಸ್ಕೌಂಟ್ ಬಿಟ್ಟು, ಏಪ್ರಿಲ್‌ನಲ್ಲಿ ಬಿಇಓ ಆಫೀಸಿನ ಉತ್ತರ ಕೈಗೆ ಬಂದ ಮೇಲೆ ನಿರ್ಧಾರ ಮಾಡ್ತಿದ್ದೆ, ಅಲ್ಲಿವರೆಗೂ ಈಗಿನ ಸ್ಕೂಲಿಂದ ಟಿಸಿ ತೆಗಿಸ್ತಿರ್ಲಿಲ್ಲ. 22 ಮಕ್ಕಳಿರೋ ಕ್ಲಾಸಲ್ಲಿ ಸೀಟ್ ಖಾಲಿ ಆಗೋಯ್ತು ಅನ್ನೋದನ್ನ ನೀವು ನಂಬೋದು ಬೇಡ, ಮೇ ತಿಂಗಳಲ್ಲಿ ಅವರೇ ಫೋನ್ ಮಾಡ್ತಾರೆ, ಡಿಸ್ಕೌಂಟ್ 40ಕ್ಕೆ ಹೋಗಿರುತ್ತೆ. ಮಾನ್ಯತೆ ಹತ್ತರವರೆಗೂ ಇದ್ದು, ಆ ಇಬ್ಬರು ಮೇಷ್ಟ್ರು ಊರಲ್ಲೇ ಮನೆ ಮಾಡಿರೋರು ಅಂತಾದ್ರೆ ಧೈರ್ಯವಾಗಿ ಸೇರಿಸಿ. ಎರಡರಲ್ಲಿ ಒಂದು ಇಲ್ಲ ಅಂದ್ರೂ ಹಳೇ ಹೈಸ್ಕೂಲೇ ಸರಿ, ಮಿಕ್ಕಿದ ದುಡ್ಡಲ್ಲಿ ಸ್ವಲ್ಪ ತೆಗೆದು ಒಳ್ಳೇ ಇಂಗ್ಲಿಷ್ ಟ್ಯೂಷನ್ ಹಾಕ್ಸಿ. ಮನೆಯವರ ಹತ್ರ ಜಗಳ ಬೇಡ, ಬಿಇಓ ಆಫೀಸಿಗೆ ಅವರನ್ನೇ ಕಳಿಸಿ, ನೀವೇ ಅಂಗಡೀಲಿ ಕೂತ್ಕೊಳ್ಳಿ, ಆಗ ಅವರಿಗೂ ನಂಬಿಕೆ ಬರುತ್ತೆ.

ಖೋ ಖೋ ಪ್ರಶ್ನೆಗೆ ಉತ್ತರ ಇಲ್ಲಿ ಕೂತು ನಾನು ಕೊಡೋಕಾಗಲ್ಲ. ಮಗಳನ್ನ ಒಂದು ಶನಿವಾರ ಬೆಳಗ್ಗೆ ಸ್ಕೂಟರಲ್ಲಿ ಕರ್ಕೊಂಡು ಹೋಗಿ, ಹೇಳದೆ ಕೇಳದೆ. ಗ್ರೌಂಡಲ್ಲಿ ಎರಡು ಕಂಬ ನೆಟ್ಟಿದ್ಯಾ, ಅವುಗಳ ಮಧ್ಯೆ ಹುಲ್ಲು ಬೆಳೆದಿದ್ಯಾ ಇಲ್ಲಾ ಮಕ್ಕಳ ಕಾಲಿಗೆ ಸವೆದು ಮಣ್ಣು ಕಾಣ್ತಿದ್ಯಾ, ಅವಳೇ ನೋಡಿ ಹೇಳ್ತಾಳೆ.