ಮೈಯೊಳಗಿನ ನೀರು ಕುಲುಕುವುದಿಲ್ಲವೇಕೆ?

ಪ್ರಶ್ನೆ: ನಮ್ಮ ದೇಹದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇದೆ ಎಂದು ಐದು ವರ್ಷದ ನನ್ನ ಮಗಳಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. 'ಹಾಗಾದರೆ ಓಡುವಾಗ ನೀರು ಕುಲುಕುವುದಿಲ್ಲ ಏಕೆ? ಮಂಡಿ ತರಚಿದಾಗ ರಕ್ತ ಬಂತು, ನೀರೇಕೆ ಬರಲಿಲ್ಲ?' ಎಂದು ಕೇಳುತ್ತಾಳೆ. ನಾಲ್ಕು ತಿಂಗಳ ತಮ್ಮನಿಗೂ ನೀರು ಕುಡಿಸಲು ಹೋಗುತ್ತಾಳೆ. ಅವಳಿಗೆ ಹೇಗೆ ತಿಳಿಸಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳು ಬಹಳ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾಳೆ. ಅವಳು ಕಂಡಿರುವ ನೀರೆಲ್ಲ ಕೊಡದಲ್ಲೋ ಲೋಟದಲ್ಲೋ ಇರುವ ನೀರು. ಆದ್ದರಿಂದ ಮೈಯನ್ನೂ ಒಂದು ಕೊಡವೆಂದೇ ಭಾವಿಸಿದ್ದಾಳೆ. ಹುಟ್ಟಿದ ಮಗುವಿನ ತೂಕದಲ್ಲಿ ಸುಮಾರು ಶೇ 75ರಷ್ಟು, ವರ್ಷ ತುಂಬುವ ಹೊತ್ತಿಗೆ ಸುಮಾರು ಶೇ 60ರಷ್ಟು ನೀರಿರುತ್ತದೆ ಎಂಬುದು ನಿಜವಾದರೂ, ಈ ವಯಸ್ಸಿಗೆ ಅಂಕಿಗಿಂತ ಮೊದಲು ತಿಳಿಯಬೇಕಾದದ್ದು ಬೇರೆ: ನೀರು ಪಾತ್ರೆಯಲ್ಲಿ ತುಂಬಿಕೊಂಡಿರುವಂತೆಯೇ ವಸ್ತುಗಳ ಒಳಗೆ ಅಡಗಿಕೊಂಡೂ ಇರಬಲ್ಲದು.

ಇದನ್ನು ತೋರಿಸಲು ಕೋಸಂಬರಿ ಮಾಡುವ ದಿನವೇ ಸಾಕು. ಉಪ್ಪನ್ನು ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಎರಡು ತಟ್ಟೆಗಳಲ್ಲಿ ಸೌತೆಕಾಯಿಯ ಹೋಳುಗಳನ್ನಿಟ್ಟು, ಒಂದರ ಮೇಲೆ ಮಾತ್ರ ಅವಳ ಕೈಯಿಂದಲೇ ಉಪ್ಪು ಉದುರಿಸಿ, ಅರ್ಧ ಗಂಟೆಯ ನಂತರ ತಟ್ಟೆಯನ್ನು ಓರೆ ಮಾಡಿ ನೋಡಲು ಹೇಳಿ. ಮೂರನೆಯ ತಟ್ಟೆಯಲ್ಲಿ ಬರಿಯ ಉಪ್ಪನ್ನೂ ಇಡುವುದು ಒಳ್ಳೆಯದು. ಇಲ್ಲದಿದ್ದರೆ ಉಪ್ಪೇ ನೀರಾಯಿತೆಂದು ಮಕ್ಕಳು ತಿಳಿಯುತ್ತಾರೆ. ನೂರು ಗ್ರಾಂ ಸೌತೆಕಾಯಿಯಲ್ಲಿ ಸುಮಾರು 95 ಗ್ರಾಂ ನೀರೇ ಇದ್ದರೂ, ಉಪ್ಪು ಸೆಳೆಯುವವರೆಗೆ ಅದು ಕಣ್ಣಿಗೆ ಬೀಳುವುದಿಲ್ಲ.

ಬಳಿಕ ಬಾಳೆಹಣ್ಣನ್ನು ಅವಳ ಕೈಗೆ ಕೊಡಿ. ಎಷ್ಟು ಹಿಸುಕಿದರೂ ನೀರು ಸುರಿಯದ ಆ ಹಣ್ಣಿನಲ್ಲಿಯೂ ಮುಕ್ಕಾಲು ಭಾಗ ನೀರಿದೆ. ನಮ್ಮ ಮೈಯೂ ಹೀಗೆಯೇ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ತೋಚುವುದಿಲ್ಲ. ದೇಹದ ನೀರಿನಲ್ಲಿ ಸುಮಾರು ಮೂರನೆಯ ಎರಡು ಭಾಗ, ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಜೀವಕೋಶಗಳ ಒಳಗಿರುತ್ತದೆ. 'ಪುಟ್ಟ ಪುಟ್ಟ ಕೋಣೆಗಳಲ್ಲಿ ಸ್ವಲ್ಪ ಸ್ವಲ್ಪ ನೀರು, ಅದಕ್ಕೇ ಕುಲುಕುವುದಿಲ್ಲ' ಎಂದರೆ ಅವಳಿಗೆ ಅರ್ಥವಾಗುತ್ತದೆ. ಮಂಡಿಯಿಂದ ಬಂದ ರಕ್ತದಲ್ಲಿಯೂ ಹೆಚ್ಚಿನದು ನೀರೇ. ಅದರಲ್ಲಿರುವ ಕೆಂಪು ಕಣಗಳಿಂದಾಗಿ ನೀರಿನಂತೆ ಕಾಣುವುದಿಲ್ಲ.

ಈ ನೀರು ಬೆವರಾಗಿ, ಕಣ್ಣೀರಾಗಿ, ಮೂತ್ರವಾಗಿ ಹೊರಗೆ ಹೋಗುತ್ತಲೇ ಇರುತ್ತದೆ. ತಣ್ಣನೆಯ ಸ್ಟೀಲ್ ತಟ್ಟೆಯ ಮೇಲೆ ಉಸಿರು ಬಿಡಲು ಹೇಳಿದರೆ ಮೂಡುವ ಮಂಜನ್ನು ಅವಳೇ ಬೆರಳಿನಿಂದ ಒರೆಸಿ ನೋಡಬಹುದು. ಹೋದದ್ದನ್ನು ನಾವು ಕುಡಿದು ಮಾತ್ರವಲ್ಲ, ಉಂಡೂ ತುಂಬಿಕೊಳ್ಳುತ್ತೇವೆ. ಅನ್ನಕ್ಕಿಡುವಾಗ ಅಕ್ಕಿಯ ಮೇಲೆ ನಿಂತಿದ್ದ ನೀರು, ಬೆಂದ ಮೇಲೆ ಎಲ್ಲಿಗೆ ಹೋಯಿತೆಂದು ಅವಳನ್ನೇ ಕೇಳಿ. ಒಂದಿಷ್ಟು ಆವಿಯಾಯಿತು, ಉಳಿದದ್ದು ಅಗುಳಿನೊಳಗೆ ಸೇರಿತು. ಅಕ್ಕಿಯಲ್ಲಿ ಶೇ 12ರಷ್ಟಿದ್ದ ನೀರು ಅನ್ನದಲ್ಲಿ ಶೇ 70ರ ಹತ್ತಿರಕ್ಕೆ ಬರುತ್ತದೆ. 'ನೀರು ಕುಡಿಯದಿದ್ದರೆ ಒಣಗಿಹೋಗುತ್ತೀಯ' ಎಂದು ಮಾತ್ರ ದಯವಿಟ್ಟು ಹೆದರಿಸಬೇಡಿ. ಈ ವಯಸ್ಸಿನ ಮಕ್ಕಳು ಅದನ್ನು ಅಕ್ಷರಶಃ ನಂಬುತ್ತಾರೆ.

ತಮ್ಮನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಆರು ತಿಂಗಳು ತುಂಬುವವರೆಗೆ ಶಿಶುವಿಗೆ ಬೇಸಿಗೆಯಲ್ಲಿಯೂ ಎದೆಹಾಲಲ್ಲದೆ ನೀರು ಕೊಡಬಾರದು. ಎದೆಹಾಲಿನಲ್ಲಿ ಶೇ 87ಕ್ಕಿಂತ ಹೆಚ್ಚು ನೀರೇ ಇರುತ್ತದೆ. ಬೇರೆ ನೀರು ಕುಡಿಸಿದರೆ ಹಾಲು ಕುಡಿಯುವುದು ಕಡಿಮೆಯಾಗುತ್ತದೆ, ಭೇದಿಯ ಭಯವೂ ಇದೆ. 'ಪಾಪುವಿನ ನೀರು ಅಮ್ಮನ ಹಾಲಿನಲ್ಲೇ ಅಡಗಿದೆ' ಎಂದರೆ, ಸೌತೆಕಾಯಿಯನ್ನು ನೋಡಿದ ಮಗಳು ಒಪ್ಪುತ್ತಾಳೆ. ಪಾಪು ಅತ್ತಾಗ ಲೋಟ ಹಿಡಿಯುವ ಬದಲು ನಿಮ್ಮನ್ನು ಕರೆಯುವ ಕೆಲಸವನ್ನು ಅವಳಿಗೆ ಒಪ್ಪಿಸಿ.