ಶುಲ್ಕದ ಪಟ್ಟಿ ಮಾತ್ರ ನೋಡಬೇಡಿ

ಅಂತರರಾಷ್ಟ್ರೀಯ ಅಧ್ಯಯನ (ಇಂಟರ್‌ನ್ಯಾಷನಲ್ ಸ್ಟಡೀಸ್) ಎಂಬ ವಿಷಯದ ಪದವಿಗೆ ಎರಡು ಕಾಲೇಜುಗಳ ಶುಲ್ಕ ಹೋಲಿಸಿ, ಯಾವುದು ಅಗ್ಗ ಅಂತ ಕೇಳಿದ್ದೀರಿ. ಶುಲ್ಕ ಒಂದೇ ನೋಡಿದರೆ ಸಾಲದು. ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದುವುದು ಕಡ್ಡಾಯವೇ ಅಂತ ಮೊದಲು ಕೇಳಿ. ಹೌದು ಅಂದರೆ ವಿಮಾನ, ವೀಸಾ, ವಿಮೆ, ಬಾಡಿಗೆ ಎಲ್ಲ ನಿಮ್ಮ ಮೇಲೇ ಬೀಳಬಹುದು. ನಿಮ್ಮ ವಿದ್ಯಾರ್ಥಿವೇತನ ಆ ಸೆಮಿಸ್ಟರಿಗೂ ಸಿಗುತ್ತದೆಯೇ? ಇದನ್ನು ಇಮೇಲ್‌ನಲ್ಲೇ ಬರೆಸಿಕೊಳ್ಳಿ, ಬಾಯಿಮಾತು ನಂಬಬೇಡಿ.

ವರ್ಷಗಳನ್ನೂ ಎಣಿಸಿ. ಇಂಗ್ಲೆಂಡಿನಲ್ಲಿ ಪದವಿ ಸಾಮಾನ್ಯವಾಗಿ 3 ವರ್ಷ, ಅಮೆರಿಕದಲ್ಲಿ 4. ಒಂದು ವರ್ಷದ ಊಟ, ವಸತಿ ಸಣ್ಣ ಮೊತ್ತವಲ್ಲ, ಅಲ್ವಾ? ಅಮೆರಿಕದಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳು 2011ರಿಂದ ತಮ್ಮ ಜಾಲತಾಣದಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇಡಲೇಬೇಕು. ನೆರವು ಕಳೆದ ಮೇಲೆ ಎಷ್ಟು ಕಟ್ಟಬೇಕು ಅನ್ನೋ ಅಂದಾಜು ಅದರಲ್ಲಿ ಸಿಗುತ್ತದೆ. ಬೇರೆ ದೇಶದಿಂದ ಹೋಗುವವರಿಗೆ ಮಾತ್ರ ಆ ಲೆಕ್ಕ ಹೆಚ್ಚಾಗಿ ಹೊಂದುವುದಿಲ್ಲ.